ಒರಟು ಅಂಚಿನ ಸೊಬಗು

ನಮ್ಮ ರಾಯಚೂರು ಸೀಮೆಗೆ ಕರೆಂಟು ಹಳೆಯ ನೆಂಟ. 1985ರಿಂದ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಯುತ್ತಿದೆ. ಅಲ್ಲಿ ಹುಟ್ಟಿದ ಕರೆಂಟು ಬಾಗಲವಾಡದಂಥ ಊರಿನ ಪಂಪ್‌ಸೆಟ್ಟು ಮುಟ್ಟುವುದರೊಳಗೆ ದಾರಿಯುದ್ದಕ್ಕೂ ತಂತಿಗಳನ್ನು ಬಿಸಿ ಮಾಡಿ, ತನ್ನದೊಂದಿಷ್ಟು ಪಾಲನ್ನು ಗಾಳಿಗೆ ಕೊಟ್ಟಿರುತ್ತದೆ. ಅದಕ್ಕೇ ಇರಬೇಕು, ಬಿಸಿಯೇ ಆಗದೆ ಹರಿಯುವ ಕರೆಂಟಿನ ಮಾತು ಬಂದರೆ ನನ್ನ ಬಾಯಲ್ಲಿ ನೀರೂರುತ್ತದೆ.

1911ರಲ್ಲಿ ಲೈಡನ್ನಿನ ಕಾಮರ್ಲಿಂಗ್ ಓನ್ಸ್ ಪಾದರಸವನ್ನು ಮೈನಸ್ 269 ಡಿಗ್ರಿಯವರೆಗೆ ತಣಿಸಿದಾಗ ಅದರ ವಿದ್ಯುತ್ ತಡೆ ಇದ್ದಕ್ಕಿದ್ದಂತೆ ಮಾಯವಾಯಿತು. ಆ ಅತಿವಾಹಕತೆಯ ಬೆರಗು ಇನ್ನೂ ಹಳಸಿಲ್ಲ. ಆದರೆ ಇವತ್ತು ನಾನು ನಿಮ್ಮ ಜೊತೆ ಸವಿಯಬೇಕೆಂದಿರುವುದು ಅದರ ಇನ್ನೂ ನವಿರಾದ ಒಂದು ರೂಪವನ್ನು: ಹೋಗುವ ಕರೆಂಟಿಗೆ ಒಂದು ನಡತೆ, ಬರುವ ಕರೆಂಟಿಗೆ ಇನ್ನೊಂದು ನಡತೆ ತೋರುವ ಅತಿವಾಹಕ.

ಮೊಬೈಲ್ ಚಾರ್ಜರಿನ ಸಿಲಿಕಾನ್ ಡಯೋಡ್ ಕರೆಂಟನ್ನು ಒಂದೇ ಕಡೆ ಬಿಡುತ್ತದೆ ನಿಜ, ಸುಮಾರು 0.7 ವೋಲ್ಟಿನ ಸುಂಕ ಕಿತ್ತುಕೊಂಡೇ ಬಿಡುತ್ತದೆ. ಸುಂಕ ಕೇಳದ ಡಯೋಡನ್ನು 2020ರಲ್ಲಿ ಕ್ಯೋಟೊ ವಿಶ್ವವಿದ್ಯಾಲಯದ ತೆರುವೊ ಓನೊ ಅವರ ಬಳಗ ತೋರಿಸಿತು. ನಿಯೋಬಿಯಂ, ವೆನೇಡಿಯಂ, ಟ್ಯಾಂಟಲಂ ಪದರಗಳನ್ನು ಒಂದರ ಮೇಲೊಂದು ಪೇರಿಸಿದ ಆ ಕಟ್ಟಡಕ್ಕೆ ಹೊರಗಿನ ಕಾಂತಕ್ಷೇತ್ರ ಬೇಕಿತ್ತು. 2022ರಲ್ಲಿ ಪದರಗಳ ನಡುವೆ ಕೋಬಾಲ್ಟ್ ಸೇರಿಸಿ ಅವರು ಆ ಹಂಗನ್ನೂ ಹರಿದರು.

ನನಗೆ ಅಚ್ಚುಮೆಚ್ಚು ಮಾತ್ರ ಅಮೆರಿಕದ ಎಂಐಟಿಯ ಜಗದೀಶ್ ಮೂಡೇರ ಅವರ ಪ್ರಯೋಗಾಲಯದ ಕೆಲಸ. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ, ಮದ್ರಾಸ್ ಐಐಟಿಯಲ್ಲಿ ಡಾಕ್ಟರೇಟ್ ಪಡೆದ ಇವರ ಕೈ ತೆಳು ಪದರ ಕಟ್ಟುವುದರಲ್ಲಿ ಪಳಗಿದ್ದು. ಕಾಂತಲೋಹಗಳ ನಡುವಿನ ತೆಳು ತಡೆಗೋಡೆಯನ್ನು ತೂರಿ ಕರೆಂಟು ಸಾಗುವ ‘ಸುರಂಗ ಹರಿವಿ’ನ ಕೆಲಸಕ್ಕೆ 2009ರ ಬಕ್ಲಿ ಪ್ರಶಸ್ತಿ ಬಂತು. ಹಾರ್ಡ್ ಡಿಸ್ಕುಗಳು ಆ ತತ್ತ್ವದಿಂದ ಬದುಕಿದವು. 2023ರಲ್ಲಿ ಯಾಸೆನ್ ಹೌ ಮತ್ತು ಸಂಗಡಿಗರ ಜೊತೆ ಇವರು ಪ್ರಕಟಿಸಿದ್ದು ಏನು ಗೊತ್ತೆ? ಬರಿಯ ವೆನೇಡಿಯಂ ಅಥವಾ ನಿಯೋಬಿಯಂನ ತೆಳು ಪಟ್ಟಿ. ಅದಕ್ಕೆ ಒಂದೇ ಒಂದು ಅರ್‌ಸ್ಟೆಡ್, ಎಂದರೆ ಭೂಮಿಯ ಕಾಂತಕ್ಷೇತ್ರದ ಎರಡು-ಮೂರು ಪಟ್ಟಿನಷ್ಟೇ ಕಾಂತ ಸೋಕಿದರೂ ಪಟ್ಟಿ ಡಯೋಡಾಗುತ್ತದೆ!

ಇಲ್ಲಿ ಅವಸರ ಬೇಡ. ಅತಿವಾಹಕಕ್ಕೆ ಕಾಂತಕ್ಷೇತ್ರ ಒಳಗೆ ಬರುವುದು ಸೇರದು. ಅದನ್ನು ಹೊರಗಿಡಲು ತನ್ನಲ್ಲೇ ಒಂದು ಕಾವಲಿನ ಹರಿವನ್ನು ಎಬ್ಬಿಸಿಕೊಳ್ಳುತ್ತದೆ. 1933ರಲ್ಲಿ ಬೆಳಕಿಗೆ ಬಂದ ಮೈಸ್ನರ್ ಪರಿಣಾಮದ ಗುಟ್ಟು ಇದೇ. ಈ ಕಾವಲು ಒಂದಂಚಿನಲ್ಲಿ ಮೂಡಣಕ್ಕೆ ಹೋದರೆ ಎದುರಂಚಿನಲ್ಲಿ ಪಡುವಣಕ್ಕೆ. ನಾವು ಕಳಿಸುವ ಕರೆಂಟು ಒಂದಂಚಿನಲ್ಲಿ ಅದಕ್ಕೆ ಕೂಡುತ್ತದೆ, ಇನ್ನೊಂದಂಚಿನಲ್ಲಿ ಕಳೆಯುತ್ತದೆ. ಭಾರ ಮಿತಿ ಮೀರಿದ ಅಂಚಿನಿಂದ ಪುಟಾಣಿ ಕಾಂತಸುಳಿಗಳು ಒಳನುಗ್ಗಿದವೋ, ತಡೆ ಮರುಹುಟ್ಟು ಪಡೆಯಿತು. ಎರಡಂಚೂ ಸರಿಸಮವಾಗಿದ್ದರೆ ದಿಕ್ಕಿನ ಭೇದವಿಲ್ಲ. ಒಂದು ಕೊಂಚ ಒರಟಾಗಿರಬೇಕು, ಅಷ್ಟೆ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಂಡೆ ಬಡವಾದ ಕಡೆಯೇ ನೀರು ಒಡೆಯುವುದು.

ಆ ಒರಟುತನ ಮೊದಲು ತಾನಾಗಿ ಒದಗಿದ್ದು. ಆಮೇಲೆ ಇವರು ಒಂದಂಚನ್ನು ಬೇಕೆಂದೇ ಹಲ್ಲುಹಲ್ಲಾಗಿ ಕೊರೆದು, ಮತ್ತೊಂದನ್ನು ಹಾಗೇ ಬಿಟ್ಟರು. ಡಯೋಡಿನ ಗುಣ ಏರಿತು. ನುಣುಪನ್ನೇ ನೈಪುಣ್ಯವೆಂದು ಹೊಗಳುವ ಲೋಕದಲ್ಲಿ ಒರಟನ್ನು ಹದವರಿತು ಬಳಸಿದ ಈ ಕಸುಬುಗಾರಿಕೆ ನನಗೆ ಬಲು ರುಚಿ.

ಇನ್ನು ಜೋಡಿಯ ಸೊಗಸು. ವೆನೇಡಿಯಂ ಮಗ್ಗುಲಿಗೆ ಯುರೋಪಿಯಂ ಸಲ್ಫೈಡ್ ಎಂಬ ಕಾಂತ ಅರೆವಾಹಕದ ತೆಳು ಪದರ. ಅಯಸ್ಕಾಂತಕ್ಕೂ ಅತಿವಾಹಕಕ್ಕೂ ಹುಟ್ಟಾ ಜಗಳ, ಇಲ್ಲಿ ಅವು ಚೆಂದಾಗಿ ಬಾಳುತ್ತವೆ. ಒಮ್ಮೆ ಕಾಂತ ತುಂಬಿದರೆ ಪದರ ದಿಕ್ಕನ್ನು ನೆನಪಿಟ್ಟುಕೊಳ್ಳುತ್ತದೆ, ಹೊರಗಿನ ಕ್ಷೇತ್ರ ತೆಗೆದರೂ ಡಯೋಡ್ ಉಳಿಯುತ್ತದೆ. ಕಾಂತದ ಮುಖ ತಿರುಗಿಸಿ, ಡಯೋಡಿನ ಮುಖವೂ ತಿರುಗುತ್ತದೆ. ಇದರ ದಕ್ಷತೆ ಶೇ. 65ರವರೆಗೆ ಮುಟ್ಟಿತು, ಲೆಕ್ಕ ಹಾಕಿದರೆ, ಒಂದು ದಿಕ್ಕಿನಲ್ಲಿ ತಡೆಯಿಲ್ಲದೆ ಸಾಗಬಲ್ಲ ಕರೆಂಟು ಮತ್ತೊಂದು ದಿಕ್ಕಿನದರ ನಾಲ್ಕೂವರೆ ಪಟ್ಟಿಗೂ ಮೇಲು.

2025ರಲ್ಲಿ ಇದೇ ಬಳಗ ಇಂಥ ನಾಲ್ಕು ಡಯೋಡುಗಳನ್ನು ಜೋಡಿಸಿ ಎಸಿಯನ್ನು ಡಿಸಿ ಮಾಡಿತು. ಇದರಿಂದೇನು ಲಾಭ? ಕ್ವಾಂಟಂ ಕಂಪ್ಯೂಟರಿನ ಕೊರೆಯುವ ಚಳಿಯೊಳಕ್ಕೆ ಹೊರಗಿನ ಪ್ರತಿ ತಂತಿಯೂ ಬಿಸಿ ಹೊತ್ತು ತರುತ್ತದೆ. ಒಳಗೇ ಡಿಸಿ ಸಿಕ್ಕರೆ ಅಷ್ಟು ತಂತಿ ಬೇಡ. ಆ ನಾಲ್ಕು ಡಯೋಡುಗಳ ಜೋಡಣೆಯ ನಕ್ಷೆ ನೋಡಿ ನಾನು ಹಿಗ್ಗಿದೆ: ಊರಿನ ರೇಡಿಯೊ ರಿಪೇರಿಯವರೆಲ್ಲ ಕಣ್ಣುಮುಚ್ಚಿ ಬೆಸುಗೆ ಹಾಕುವ ಅದೇ ಬ್ರಿಜ್ ರೆಕ್ಟಿಫೈಯರ್!