ಕದ್ದ ಸಿಟ್ಟು, ಮಾರಿದ ಸುದ್ದಿ

ಶೋಷಿತರ ನೆಲ ಕದ್ದರು, ದುಡಿಮೆ ಕದ್ದರು. ಈಗ ಅವರ ಸಿಟ್ಟಿಗೂ ಕಳ್ಳರು ಹುಟ್ಟಿಕೊಂಡಿದ್ದಾರೆ. ಅಮೆರಿಕದ ಕಪ್ಪು ಜನರ ಸಿಟ್ಟನ್ನು ಕದ್ದದ್ದು ರಷ್ಯ. ಆ ಕಳ್ಳಮಾಲನ್ನು ಸುದ್ದಿ ಅಂತ ಮಾರಿದ್ದು ಅಮೆರಿಕದ ದೊಡ್ಡ ಪತ್ರಿಕೆಗಳೇ.

ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ 'ಇಂಟರ್‌ನೆಟ್ ರಿಸರ್ಚ್ ಏಜೆನ್ಸಿ' ಎಂಬ ಕಚೇರಿ ಇತ್ತು. ಪುಟಿನ್ನನ ಆಪ್ತ ಧಣಿ ಪ್ರಿಗೋಜಿನ್, ಅದನ್ನು ಹುಟ್ಟುಹಾಕಿದವನು ತಾನೇ ಎಂದು 2023ರಲ್ಲಿ ಒಪ್ಪಿಕೊಂಡ. 2016ರ ಅಮೆರಿಕದ ಚುನಾವಣೆಯ ಹೊತ್ತಿಗೆ ಅಲ್ಲಿನ ಕೂಲಿ ಬರಹಗಾರರು ಕಪ್ಪು ಹೋರಾಟಗಾರರ ವೇಷ ಕಟ್ಟಿದರು. ಫೇಸ್‌ಬುಕ್ಕಿನಲ್ಲಿ 'ಬ್ಲ್ಯಾಕ್ಟಿವಿಸ್ಟ್' ಎಂಬ ಪುಟ ತೆರೆದರು. ಪೊಲೀಸರ ಗುಂಡಿಗೆ ಸತ್ತವರ ನೋವೇ ಅವರ ಬಂಡವಾಳ. ಇಂಥದೇ ಬೇರೆ ಖಾತೆಗಳಿಂದ, ಓಟು ಹಾಕಲೇಬೇಡಿ ಎಂಬ ಉಪದೇಶ ಬೇರೆ! ಈ ಪ್ರಚಾರ ಕಪ್ಪು ಜನರನ್ನು ಗುರಿಮಾಡಿದಷ್ಟು ಇನ್ಯಾರನ್ನೂ ಮಾಡಲಿಲ್ಲ ಎಂದು ಅಮೆರಿಕದ ಸೆನೆಟ್ ಸಮಿತಿ 2019ರಲ್ಲಿ ಹೇಳಿತು.

ಪತ್ರಿಕೆಗಳೇನು ಮಾಡಿದವು? 33 ದೊಡ್ಡ ಸುದ್ದಿಸಂಸ್ಥೆಗಳ ವರದಿಗಳನ್ನು ಅಲ್ಲಿನ ಸಂಶೋಧಕರು ಜಾಲಾಡಿ, 2018ರಲ್ಲಿ ಫಲಿತಾಂಶ ಹೊರಗಿಟ್ಟರು. 32 ಸಂಸ್ಥೆಗಳಲ್ಲಿ ಈ ಏಜೆನ್ಸಿಯ ಟ್ವೀಟುಗಳು ಸಿಕ್ಕವು. ಹೆಚ್ಚಿನವು ಸಾಮಾನ್ಯ ಜನರ ಅಭಿಪ್ರಾಯ ಎಂಬ ವೇಷದಲ್ಲಿ ಕೂತಿದ್ದವು.

ಇದು ಬರೀ ರಷ್ಯದ ಜಾಣತನವೇ? ಅಲ್ಲ ಅಂತೀವಿ ನಾವು. ಅಮೆರಿಕದ ಪತ್ರಿಕೆಗಳು ಬಿಳಿಯರ ಕಣ್ಣಿಂದ ಮಾತ್ರ ಲೋಕ ನೋಡುತ್ತಿವೆ ಎಂದು ಅಲ್ಲಿನ ಕರ್ನರ್ ಆಯೋಗ 1968ರಲ್ಲೇ ಎಚ್ಚರಿಸಿತ್ತು. ಕಪ್ಪು ಜನರ ಬೀದಿಗೆ ಹೋಗಿ ನಾಲ್ಕು ಮಾತಾಡದೆ, ಕುರ್ಚಿಯಲ್ಲೇ ಕೂತು ಪರದೆಯ ಮೇಲೆ ಸಿಕ್ಕಿದ್ದನ್ನು ಎತ್ತಿ ಅಂಟಿಸಿದರೆ ಅಸಲಿ ಯಾವುದು, ನಕಲಿ ಯಾವುದು ಗೊತ್ತಾಗುವುದು ಹೇಗೆ?

ಈಗ ಕೆಲವರು ಹೊಸ ರಾಗ ತೆಗೆಯುತ್ತಾರೆ: ಹೋರಾಟವೇ ವಿದೇಶಿ ಕೈವಾಡ ಅಂತ. ಸುಳ್ಳು. ಪೊಲೀಸರ ಗುಂಡು ಪೀಟರ್ಸ್‌ಬರ್ಗಿನಿಂದ ಬಂದದ್ದಲ್ಲ. ಗಾಯ ಇತ್ತು, ನೊಣ ಬಂದು ಕೂತಿತು. ಖೋಟಾ ಪತ್ರ ಬರೆದು ಕಪ್ಪು ಸಂಘಟನೆಗಳನ್ನು ಒಡೆಯುವ ಕೆಲಸವನ್ನು 1960ರ ದಶಕದಲ್ಲಿ ಅಮೆರಿಕದ ಎಫ್‌ಬಿಐ ಕೂಡ ಮಾಡಿತ್ತು. ಸರ್ಕಾರ ಯಾವುದಾದರೇನು, ಕಸುಬು ಒಂದೇ.

1972ರಲ್ಲಿ ಮುಂಬೈಯಲ್ಲಿ ಎದ್ದ ದಲಿತ ಪ್ಯಾಂಥರ್ಸ್ ಹೆಸರು ಪಡೆದದ್ದು ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ. ಆ ನಂಟು ಇರುವುದರಿಂದಲೇ ಈ ಕಳ್ಳತನ ನಮಗೂ ತಟ್ಟುತ್ತದೆ. ಗೆಳೆಯರೇ, ಫೋನಿನೊಳಗೆ ಯಾರಾದರೂ ನಮ್ಮ ದನಿಯಲ್ಲಿ ಗುಡುಗಿದರೆ ಮೊದಲು ಕೇಳೋಣ: ನೀನು ಯಾವ ಕೇರಿಯವನಪ್ಪಾ? ಯಾವ ಸಭೆಗೆ ಬಂದಿದ್ದೆ? ಪತ್ರಿಕೆಯವರಿಗೂ ಹೇಳೋಣ: ನಮ್ಮ ಮಾತು ಬೇಕಾದರೆ ಕೇರಿಗೇ ಬನ್ನಿ.