ಜರಡಿಗೆ ಇಟ್ಟ ಹೆಸರು

ಒಣ ಯೀಸ್ಟಿನ ಕಾಳುಗಳನ್ನು ಚಿಟಿಕೆ ಸಕ್ಕರೆಯ ಜೊತೆ ಉಗುರುಬೆಚ್ಚಗಿನ ನೀರಿಗೆ ಉದುರಿಸಿ ಹತ್ತು ನಿಮಿಷ ಬಿಡಿ. ನೊರೆ ಏಳುತ್ತದೆ. ಡಬ್ಬದಲ್ಲಿ ತಿಂಗಳುಗಟ್ಟಲೆ ಮರಳಿನಂತೆ ಬಿದ್ದಿದ್ದ ಜೀವ ಎದ್ದು ಕೂತಿರುತ್ತದೆ. ಅದನ್ನು ಕಾಯ್ದದ್ದು ಯಾರು ಎಂದರೆ ಈಗ ಸಿದ್ಧ ಉತ್ತರ: ಹೈಡ್ರೋಫಿಲಿನ್‌ಗಳು. ನನ್ನ ತಕರಾರು ಆ ಪ್ರೋಟೀನುಗಳ ಮೇಲಲ್ಲ, ಆ ಹೆಸರಿಗೆ ಸಂದಿರುವ ಮರ್ಯಾದೆಯ ಮೇಲೆ.

ಹೆಸರು ಹುಟ್ಟಿದ್ದು 2000ರಲ್ಲಿ, ಮೆಕ್ಸಿಕೊದ ಅಲೆಹಾಂದ್ರಾ ಕೊವರ್ರೂಬಿಯಾಸ್ ಮತ್ತು ಸಂಗಡಿಗರ ಲೇಖನದಲ್ಲಿ. ಷರತ್ತು ಎರಡೇ: ಗ್ಲೈಸೀನ್ ಶೇ. 6ಕ್ಕಿಂತ ಹೆಚ್ಚಿರಬೇಕು, ಜಲಸ್ನೇಹದ ಸೂಚ್ಯಂಕ 1ನ್ನು ದಾಟಬೇಕು. 1981ರಲ್ಲಿ ಲಿಯಾನ್ ಡ್ಯೂರ್ ಹತ್ತಿಬೀಜದಲ್ಲಿ ಗುರುತಿಸಿದ ಮೇಲೆ ಬೆಳೆಯುತ್ತ ಬಂದ ‘ಲಿಯಾ’ (ಲೇಟ್ ಎಂಬ್ರಿಯೋಜೆನೆಸಿಸ್ ಅಬಂಡೆಂಟ್) ಪ್ರೋಟೀನುಗಳ ಪಟ್ಟಿಯಲ್ಲಿ ಹೆಚ್ಚಿನವು ಈ ಜರಡಿಯಲ್ಲಿ ನಿಂತವು. ಯೀಸ್ಟಿನಿಂದ ಸಿಕ್ಕಿದ್ದು 12, ಇ. ಕೋಲಿಯಿಂದ 5. ಜರಡಿಯ ಕಣ್ಣು ಸಣ್ಣದು, ಒಪ್ಪೋಣ. ಆದರೆ ಲಿಯಾಗಳ ಚಹರೆ ನೋಡಿ ಎಳೆದ ಗೆರೆಯೊಳಗೆ ಲಿಯಾಗಳೇ ಬಂದು ನಿಂತರೆ ಬೆರಗುಪಡುವುದೇನಿದೆ?

ಲೇಖನದ ನಿಜವಾದ ಬಂಡವಾಳ ಮುಂದಿನ ಮಾತು: ಯೀಸ್ಟಿನಲ್ಲೂ ಇ. ಕೋಲಿಯಲ್ಲೂ ಹೀಗೆ ಆರಿಸಿದವುಗಳ ಜೀನುಗಳಲ್ಲಿ ಬಹುಪಾಲು, ಕೋಶದಿಂದ ನೀರೆಳೆಯುವ ಒತ್ತಡ ಬಂದಾಗ ಚುರುಕಾಗುತ್ತವೆ. ಈ ‘ಬಹುಪಾಲು’ ನನ್ನನ್ನು ಬಿಡುವುದಿಲ್ಲ. ಸುಮ್ಮನಿದ್ದವು ಜರಡಿಯ ತಪ್ಪೋ, ಪ್ರಯೋಗದ್ದೋ? ಇನ್ನು ಚುರುಕಾದವುಗಳ ಮಾತು. ಮದುವೆಮನೆಯಲ್ಲಿ ಓಡಾಡುವವರೆಲ್ಲ ಅಡುಗೆಯವರಲ್ಲ. ಯಾವಾಗ ಬಂದರು ಎನ್ನುವುದಕ್ಕೆ ಸಾಕ್ಷಿ ಇದೆ. ಏನು ಮಾಡಿದರು ಎನ್ನುವುದಕ್ಕೆ ಆ ಲೇಖನದಲ್ಲಿ ಸಾಕ್ಷಿ ಇರುವುದು ಇ. ಕೋಲಿಯ ಒಂದೇ ಒಂದು ಪ್ರೋಟೀನಿನ ಬಗ್ಗೆ. 2005ರಲ್ಲಿ ಅದೇ ಬಳಗ, ನೀರು ಕಡಿಮೆಯಾದಾಗ ಇವು ಕಿಣ್ವಗಳನ್ನು ಕಾಯುತ್ತವೆ ಎಂದು ತೋರಿಸಿತು ನಿಜ, ಆದರೆ ಪ್ರನಾಳದಲ್ಲಿ.

ಹಾಗೆ ನೋಡಿದರೆ ಈ ಊರಿನಲ್ಲಿ ಯಾವ ಹೆಸರೂ ಕೆಲಸ ಹೇಳುವುದಿಲ್ಲ. ‘ಲಿಯಾ’ ಎಂಬುದು ಬೀಜ ಬಲಿಯುವ ಹೊತ್ತನ್ನು ಹೇಳುತ್ತದೆ. ಯೀಸ್ಟಿನ ಎಚ್‌ಎಸ್‌ಪಿ12 ಎಂಬ ಹೈಡ್ರೋಫಿಲಿನ್ ಹೆಸರು (ಹೀಟ್ ಶಾಕ್ ಪ್ರೋಟೀನ್) ಬಿಸಿಯನ್ನೂ ತೂಕವನ್ನೂ.

ಒಣಗಿದ ಜೀವವನ್ನು ಕಾಯುವುದು ಟ್ರೆಹಲೋಸ್ ಎಂಬ ಸಕ್ಕರೆ ಎನ್ನುವ ಭಕ್ತರನ್ನು ಗೇಲಿ ಮಾಡುವ ಹೊಸ ವಿಮರ್ಶಕರ ಜೊತೆಗೂ ನನಗೆ ಜಗಳವಿದೆ. 1984ರ ಕ್ರೋ ದಂಪತಿಗಳ ಲೇಖನದಿಂದ ಆ ಸಕ್ಕರೆಗೆ ಸಿಂಹಾಸನ ಸಿಕ್ಕಿತ್ತು. ಒಣಗಿಯೂ ಬದುಕುವ ಸೂಕ್ಷ್ಮ ಪ್ರಾಣಿಗಳಾದ ಬ್ಡೆಲಾಯ್ಡ್ ರೋಟಿಫರ್‌ಗಳಲ್ಲಿ ಅದು ಇಲ್ಲವೇ ಇಲ್ಲ ಎಂದು 2003ರಲ್ಲಿ ತಿಳಿದದ್ದೇ ತಡ, ಇವರು ಅದನ್ನು ಇಳಿಸಿ ಪ್ರೋಟೀನನ್ನು ಕೂರಿಸಿದರು. ಬರ್ಕ್ಲಿಯ ಡಗ್ಲಸ್ ಕೋಶ್ಲಂಡ್ ಬಳಗದ 2018ರ ಕೆಲಸ ಓದಿದವರು ಹಾಗೆ ಮಾಡಲಾರರು. ಯೀಸ್ಟ್ ಒಣಗಿ ಬದುಕುವುದು ಟ್ರೆಹಲೋಸ್ ಮತ್ತು ಎಚ್‌ಎಸ್‌ಪಿ12 ಕೈಜೋಡಿಸಿದಾಗ ಎಂದು ಅದು ತೋರಿಸಿತು. ನೀರಿನಲ್ಲಿ ಆಕಾರವಿಲ್ಲದೆ ತೇಲುವ ಎಚ್‌ಎಸ್‌ಪಿ12 ಪೊರೆಯನ್ನು ತಾಕಿದಾಗ ಸುರುಳಿಗಟ್ಟುತ್ತದೆ ಎಂಬುದು 2010ರಲ್ಲೇ ಗೊತ್ತಿತ್ತು. ಅದು ಪೊರೆಯ ರೂಪವನ್ನೇ ಬದಲಿಸುತ್ತದೆ ಎಂದು 2018ರಲ್ಲಿ ಕಂಡಿತು. ಅದೇ ಯೀಸ್ಟಿನ ಇನ್ನೊಂದು ಹೈಡ್ರೋಫಿಲಿನ್‌ಗೆ ಅದು ಆಗಲಿಲ್ಲ. ಗ್ಲೈಸೀನ್ ಎಣಿಸುವ ಜರಡಿಯಲ್ಲಿ ಎರಡಕ್ಕೂ ಒಂದೇ ಅಂಕ.