ಕೇಕ್ ತಿನ್ನಲಿ ಅಂದವರು ಯಾರು?

'ರೊಟ್ಟಿ ಇಲ್ದಿದ್ರೆ ಕೇಕ್ ತಿನ್ನಲಿ.' ಜನ ಹಸಿದಿದ್ದಾರೆ ಅಂದಾಗ ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್ ಹೀಗಂದಳಂತೆ. ಈ ಮಾತನ್ನು ನಾವೂ ಭಾಷಣಗಳಲ್ಲಿ ಆಡಿದ್ದೇವೆ, ಚಪ್ಪಾಳೆ ಗಿಟ್ಟಿಸಿದ್ದೇವೆ. ಪುರಾಣಗಳನ್ನೆಲ್ಲ ಪ್ರಶ್ನಿಸುವ ನಾವು ಇದನ್ನು ಮಾತ್ರ ಪ್ರಶ್ನಿಸಲಿಲ್ಲ. ಯಾಕೆ? ಇದು ನಮಗೆ ಬೇಕಾದ ಪುರಾಣವಾಗಿತ್ತು.

ಈ ಮಾತಿನ ಬೇರು ಹುಡುಕುತ್ತಾ ಹೋದರೆ ಸಿಗುವುದು ರೂಸೋನ ಆತ್ಮಕಥೆ 'ಕನ್ಫೆಶನ್ಸ್'ನ ಆರನೇ ಭಾಗ. ಗಡಿಯಾರ ಮಾಡುವವನ ಮಗ ರೂಸೋ 1740ರ ಸುಮಾರಿಗೆ ಲಿಯಾನ್ ಪಟ್ಟಣದ ದೊಡ್ಡ ಮನೆಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದ. ಧಣಿಯ ವೈನನ್ನು ಕದ್ದು ಕುಡಿಯುತ್ತಿದ್ದ. ಜೊತೆಗೆ ರೊಟ್ಟಿ ಬೇಕು. ಆದರೆ ಸೊಂಟಕ್ಕೆ ಕತ್ತಿ ಕಟ್ಟಿದ ದೊಡ್ಡಮನುಷ್ಯ ತಾನೇ ಅಂಗಡಿಗೆ ಹೋಗಿ ಒಂದು ತುಂಡು ರೊಟ್ಟಿ ಕೊಳ್ಳೋದು ಹೇಗೆ? ನಾಚಿಕೆ. ಆಗ ಅವನಿಗೆ ಯಾರೋ ಒಬ್ಬ ದೊಡ್ಡ ರಾಜಕುಮಾರಿಯ ಮಾತು ನೆನಪಾಯಿತಂತೆ. ರೈತರಿಗೆ ರೊಟ್ಟಿಯಿಲ್ಲ ಅಂದಾಗ ಆಕೆ ಬ್ರಿಯೋಶ್ ತಿನ್ನಲಿ ಅಂದಿದ್ದಳಂತೆ. ಬ್ರಿಯೋಶ್ ಅಂದರೆ ಬೆಣ್ಣೆ, ಮೊಟ್ಟೆ ಹಾಕಿದ ಮೆತ್ತನೆ ರೊಟ್ಟಿ. ರೂಸೋ ಅದನ್ನೇ ಕೊಂಡ.

ರಾಜಕುಮಾರಿಯ ಹೆಸರನ್ನು ರೂಸೋ ಹೇಳುವುದಿಲ್ಲ. ಮೇರಿ ಆಂಟೊನೆಟ್ ಹುಟ್ಟಿದ್ದು 1755ರಲ್ಲಿ, ವಿಯೆನ್ನಾದಲ್ಲಿ. ಫ್ರಾನ್ಸಿಗೆ ಸೊಸೆಯಾಗಿ ಬಂದದ್ದು 1770ರಲ್ಲಿ. ರೂಸೋ ಆ ಪುಟಗಳನ್ನು ಬರೆದದ್ದು 1760ರ ದಶಕದಲ್ಲಿ. ಹಾಗಾದರೆ ಆ ರಾಜಕುಮಾರಿ ಈಕೆ ಹೇಗಾದಾಳು? 1793ರಲ್ಲಿ ಆಕೆಯ ತಲೆ ಉರುಳಿತು. ಮಾತು ಆಕೆಯ ಹೆಸರಿಗೆ ಗಟ್ಟಿಯಾಗಿ ಅಂಟಿಕೊಂಡದ್ದು ಆಮೇಲೆ, 19ನೇ ಶತಮಾನದಲ್ಲಿ.

ಇದಕ್ಕಿಂತ ಹಳೆಯ ಅಣ್ಣನೊಬ್ಬ ಚೀನಾದಲ್ಲಿದ್ದಾನೆ. ಜಿನ್ ವಂಶದ ಹ್ವೇ ಚಕ್ರವರ್ತಿ ಆಳಿದ್ದು 290ರಿಂದ 307ರವರೆಗೆ. ಜನ ಕಾಳಿಲ್ಲದೆ ಸಾಯುತ್ತಿದ್ದಾರೆ ಅಂದರೆ, ಮಾಂಸದ ಗಂಜಿ ಕುಡೀಬಾರ್ದಾ ಅಂತ ಕೇಳಿದನಂತೆ. ಹಸಿವು ಇರುವಲ್ಲೆಲ್ಲ ಈ ಹಾಸ್ಯವೂ ಇದೆ. ಉಂಡವನ ಬಾಯಲ್ಲಿ ಆಡಿಸಿದರೂ ಇದರಲ್ಲಿರುವ ಸಿಟ್ಟು ಹಸಿದವನದು.

ಹಾಗಂತ ರಾಣಿಯ ಪರ ವಕಾಲತ್ತು ವಹಿಸುವುದು ನಮ್ಮ ಕೆಲಸವಲ್ಲ. ಅರಮನೆಯ ವೈಭವ ಸುಳ್ಳಲ್ಲ. ಆದರೆ ಹಸಿವಿನ ಪಾಪವನ್ನೆಲ್ಲ ಒಬ್ಬ ಹೆಂಗಸಿನ, ಅದೂ ಹೊರದೇಶದವಳ, ನಾಲಿಗೆಗೆ ಕಟ್ಟಿಬಿಟ್ಟರೆ ಬಚಾವಾಗುವವರು ಯಾರು? 1788ರ ಜುಲೈ 13ರ ಆಲಿಕಲ್ಲು ಮಳೆ ಬೆಳೆ ನುಂಗಿತು, ಅದು ಪ್ರಕೃತಿ. ಆದರೆ ರೈತನ ಬೆನ್ನ ಮೇಲೆ ತೆರಿಗೆ ಹೇರಿ ಸಾಮಂತರಿಗೂ ಚರ್ಚಿಗೂ ವಿನಾಯಿತಿ ಕೊಟ್ಟದ್ದು ವ್ಯವಸ್ಥೆ. ಒಂದು ದುಷ್ಟ ಮಾತಿನ ಕಥೆ ಹೇಳುವಾಗ ಈ ವ್ಯವಸ್ಥೆ ತೆರೆಯ ಹಿಂದೆ ಸರಿಯುತ್ತದೆ.

ಹಸಿದವರೇ ಆಡಿದ ಹಾಸ್ಯ ಬೇಕೆ? 1789ರ ಅಕ್ಟೋಬರ್ 5ರಂದು ಪ್ಯಾರಿಸ್ಸಿನ ಸಂತೆಯ ಹೆಂಗಸರು ರೊಟ್ಟಿ ಕೇಳುತ್ತಾ ಮಳೆಯಲ್ಲಿ ವರ್ಸೈಲ್ಸ್ ಅರಮನೆಗೆ ನಡೆದರು. ಮರುದಿನ ರಾಜನ ಸಂಸಾರವನ್ನೇ ಪ್ಯಾರಿಸ್ಸಿಗೆ ಕರೆತಂದರು. ರೊಟ್ಟಿಯಂಗಡಿಯವನನ್ನೂ ಅವನ ಹೆಂಡತಿಯನ್ನೂ ಅಂಗಡಿ ಹುಡುಗನನ್ನೂ ಕರಕೊಂಡು ಬಂದ್ವಿ ಅಂತ ನಕ್ಕರು. ರಾಜ, ರಾಣಿ, ಯುವರಾಜ ಮೂವರಿಗೂ ಆ ಹೆಂಗಸರು ಒಂದೇ ದಿನದಲ್ಲಿ ಕೆಲಸ ಕೊಟ್ಟಿದ್ದರು! ಈ ನಗು ನಮ್ಮ ಪಾಠಗಳಲ್ಲಿ ಯಾಕಿಲ್ಲ?

ಇನ್ನು ರೂಸೋನ ನಾಚಿಕೆ. ಅದು ನಮಗೆ ಚೆನ್ನಾಗಿ ಗೊತ್ತು. ಅವ್ವ ಕಟ್ಟಿಕೊಟ್ಟ ರಾಗಿರೊಟ್ಟಿ ಬುತ್ತಿಯನ್ನು ಕಾಲೇಜಿನಲ್ಲಿ ಬಿಚ್ಚಲಾರದೆ ಮರದ ಹಿಂದೆ ಕೂತು ತಿಂದವರು ನಾವು. ಹೋಟೆಲಿನ ಬನ್ನು ಕೈಯಲ್ಲಿದ್ದರೆ ತಲೆಯೆತ್ತಿ ನಿಲ್ಲುತ್ತಿದ್ದೆವು. ಕೇಕ್ ತಿನ್ನಲಿ ಅಂದವರನ್ನು ಅರಮನೆಯಲ್ಲಿ ಹುಡುಕಿದ್ದು ಸಾಕು. ಓದಿದ ನಮ್ಮೊಳಗೂ ಒಬ್ಬ ಅದನ್ನೇ ಹೇಳುತ್ತಿದ್ದಾನೆ. ಮೊದಲು ಅವನ ಬಾಯಿ ಮುಚ್ಚಿಸಿ, ಆಮೇಲೆ ವೇದಿಕೆ ಹತ್ತೋಣ.